ಐವತ್ತು ದಿನಾರ್, ಒಂದು ಪೆಟ್ಟಿಗೆ: ಬಾಗ್ದಾದಿನ ಯಹೂದಿಗಳು

1932ರಲ್ಲಿ ಕೈರೋದಲ್ಲಿ ಅರಬ್ ಸಂಗೀತದ ದೊಡ್ಡ ಸಮ್ಮೇಳನ ನಡೆಯಿತು. ಇರಾಕಿನಿಂದ ಹೋದ ತಂಡದ ಗಾಯಕ ಮುಸ್ಲಿಮನಾದರೆ, ವಾದ್ಯ ನುಡಿಸಿದವರು ಬಹುತೇಕ ಯಹೂದಿಗಳು. ಆ ದೇಶದ ಮೊದಲ ಹಣಕಾಸು ಮಂತ್ರಿ ಸಾಸೂನ್ ಎಸ್ಕೆಲ್ ಕೂಡ ಯಹೂದಿಯೇ. ಇಪ್ಪತ್ತು ವರ್ಷ ತುಂಬುವುದರೊಳಗೆ ಈ ಸಮುದಾಯದ ಬಹುಪಾಲು ಜನ ಊರು ಬಿಟ್ಟಾಗಿತ್ತು.

ಹಳೆಯ ಇಸ್ಲಾಮಿಕ್ ಕಾನೂನಿನಲ್ಲಿ ಯಹೂದಿಗಳು, ಕ್ರೈಸ್ತರು 'ಧಿಮ್ಮಿ'ಗಳು. ಜಿಝಿಯಾ ತೆರಿಗೆ ಕಟ್ಟಿದರೆ ಜೀವಕ್ಕೆ, ಆಸ್ತಿಗೆ, ಪೂಜೆಗೆ ರಕ್ಷಣೆ. ಸಮಾನತೆ ಮಾತ್ರ ಇಲ್ಲ. ಹೊಸ ಪ್ರಾರ್ಥನಾಮಂದಿರ ಕಟ್ಟುವಂತಿಲ್ಲ, ಕುದುರೆ ಏರುವಂತಿಲ್ಲ, ಮುಸ್ಲಿಮನ ವಿರುದ್ಧ ಅವರ ಸಾಕ್ಷಿ ನಡೆಯದು. ಯೆಮೆನ್‌ನಲ್ಲಿ ಇದೆಲ್ಲ ಬಿಗಿ, ಬಾಗ್ದಾದಿನಲ್ಲಿ ಸಡಿಲ. ಎಷ್ಟು ಸಡಿಲ ಎನ್ನುವುದು ಆಯಾ ಅಧಿಕಾರಿಯ ಮರ್ಜಿ: ಆಟೊಮನ್ನರ ಪರವಾಗಿ ಬಾಗ್ದಾದ್ ಆಳುತ್ತಿದ್ದ ದಾವೂದ್ ಪಾಷಾನ ಕಾಟ ತಾಳದೆ ಓಡಿದ ಯಹೂದಿ ವ್ಯಾಪಾರಿ ಡೇವಿಡ್ ಸಾಸೂನ್ 1830ರ ದಶಕದ ಆರಂಭದಲ್ಲಿ ಮುಂಬಯಿ ಸೇರಿದ. ಅಲ್ಲಿನ ಸಾಸೂನ್ ಡಾಕ್ ಆ ಮನೆತನ ಕಟ್ಟಿಸಿದ್ದೇ.

1856ರ ಆಟೊಮನ್ ಫರ್ಮಾನು ಸಮಾನತೆ ಘೋಷಿಸಿತು. 1925ರ ಇರಾಕ್ ಸಂವಿಧಾನವೂ ಅದನ್ನೇ ಹೇಳಿತು.

ಆದರೆ 1941ರ ಜೂನ್ 1 ಮತ್ತು 2ರಂದು ಬಾಗ್ದಾದಿನಲ್ಲಿ 'ಫರ್ಹೂದ್' ಎಂದು ಕರೆಯುವ, ಯಹೂದಿಗಳ ಮೇಲಿನ ದೊಂಬಿ ನಡೆಯಿತು. ನಾಜಿಗಳ ಕಡೆ ವಾಲಿದ್ದ ರಶೀದ್ ಅಲಿಯ ಸರ್ಕಾರ ಆಗಷ್ಟೇ ಬಿದ್ದಿತ್ತು. ಬ್ರಿಟಿಷ್ ಸೈನ್ಯ ಊರ ಹೊರಗೇ ನಿಂತಿತ್ತು. ನೂರಕ್ಕೂ ಹೆಚ್ಚು ಯಹೂದಿಗಳು ಸತ್ತರು. ಯಹೂದಿಗಳನ್ನು ಮನೆಯೊಳಗೆ ಬಚ್ಚಿಟ್ಟು ಕಾಪಾಡಿದ ಅಕ್ಕಪಕ್ಕದ ಮುಸ್ಲಿಮರೂ ಬಹಳ ಮಂದಿ.

1948ರಲ್ಲಿ ಇಸ್ರೇಲ್ ಹುಟ್ಟಿತು, ಯುದ್ಧವಾಯಿತು. ಪ್ಯಾಲೆಸ್ಟೀನಿನ ಲಕ್ಷಾಂತರ ಅರಬರು ನಿರಾಶ್ರಿತರಾದದ್ದು ಉರಿಯುವ ಬೆಂಕಿಗೆ ತುಪ್ಪ ಸುರಿಯಿತು. ಆ ಸೆಪ್ಟೆಂಬರಿನಲ್ಲಿ ಶಫೀಕ್ ಅದೆಸ್ ಎಂಬ ಸಿರಿವಂತ ವ್ಯಾಪಾರಿಯನ್ನು ಬಸ್ರಾದಲ್ಲಿ, ಅವನದೇ ಬಂಗಲೆಯ ಮುಂದೆ, ನೆರೆದ ಜನರೆದುರು ಗಲ್ಲಿಗೇರಿಸಿದರು. ಸೈನ್ಯದ ಹಳೆಯ ಸಾಮಾನನ್ನು ಇಸ್ರೇಲಿಗೆ ಮಾರಿದನೆಂಬುದು ಆರೋಪ. ಅದೇ ವ್ಯಾಪಾರದಲ್ಲಿದ್ದ ಮುಸ್ಲಿಮ್ ಪಾಲುದಾರರ ಮೇಲೆ ಕೇಸೇ ಬೀಳಲಿಲ್ಲ. ಮೊದಲು ಬೆಚ್ಚಿದವರು, ತಾವು ಅರಬರೇ ಎಂದು ನಂಬಿಕೊಂಡಿದ್ದ ಇಂಥ ಅನುಕೂಲಸ್ಥರು.

ಮುಂದಿನದನ್ನು ಕಾಗದವೇ ಮುಗಿಸಿತು. 1950ರ ಮಾರ್ಚ್ ಕಾನೂನು: ಯಹೂದಿಗಳು ದೇಶ ಬಿಡಬಹುದು, ಪೌರತ್ವ ಬಿಟ್ಟುಕೊಟ್ಟರೆ. ಜನ ಸಾಲುಗಟ್ಟಿ ಹೆಸರು ಬರೆಸಿದರು. ಮರುವರ್ಷ ಮಾರ್ಚ್ 10ರಂದು ಇನ್ನೊಂದು ಕಾನೂನು, ಹಾಗೆ ಹೆಸರು ಬರೆಸಿದವರ ಆಸ್ತಿಯನ್ನೆಲ್ಲ ಸರ್ಕಾರದ ಕೈಗೆ ಕೊಟ್ಟಿತು. ಬ್ಯಾಂಕು ಮುಚ್ಚಿ, ಅಂಗಡಿಗಳಿಗೆ ಮೊಹರು ಒತ್ತಿದರು. ಪೌರತ್ವ ಬಿಟ್ಟುಕೊಟ್ಟಾದ ಮೇಲೆ ಹಿಂದಿರುಗುವ ದಾರಿಯೂ ಇಲ್ಲ. ದೊಡ್ಡವರಿಗೆ ತಲಾ ಐವತ್ತು ದಿನಾರ್ ಮತ್ತು ಒಂದು ಪೆಟ್ಟಿಗೆ. ಸುಮಾರು 1,20,000 ಜನ ಇಸ್ರೇಲಿಗೆ ವಿಮಾನ ಹತ್ತಿದರು.

ಹೋಗದೆ ಉಳಿದವರು ಕೆಲವೇ ಸಾವಿರ. 1969ರ ಜನವರಿ 27ರಂದು ಬಾತ್ ಪಕ್ಷದ ಸರ್ಕಾರ ಗೂಢಚಾರರೆಂದು ಒಂಬತ್ತು ಯಹೂದಿಗಳನ್ನು ಗಲ್ಲಿಗೇರಿಸಿ ಬಾಗ್ದಾದಿನ ತಹ್ರೀರ್ ಚೌಕದಲ್ಲಿ ತೂಗುಹಾಕಿತು. ನೋಡಲು ಬನ್ನಿರೆಂದು ರೇಡಿಯೋ ಜನರನ್ನು ಕರೆಯಿತು. ಆಮೇಲೆ ಉಳಿದವರಲ್ಲಿ ಹೆಚ್ಚಿನವರು ಕುರ್ದಿಶ್ ಬೆಟ್ಟಗಳನ್ನು ದಾಟಿ ಇರಾನಿನ ಹಾದಿ ಹಿಡಿದರು.