ಆಂಟೆನಾ ಎಣಿಸಿ ರೌಟರ್ ಕೊಳ್ಳಬೇಡಿ

ಡಬ್ಬದ ಮೇಲಿನ ಸಂಖ್ಯೆ ದೊಡ್ಡದಿದ್ದಷ್ಟೂ ನೆಟ್ ಜೋರು ಎಂಬ ನಂಬಿಕೆ ಇದೆ. ‘ಎಸಿ 1200’ ಎಂದು ಬರೆದಿರುವ ರೌಟರನ್ನೇ ತೆಗೆದುಕೊಳ್ಳಿ. ಆ 1200 ಎರಡು ಬ್ಯಾಂಡ್‌ಗಳನ್ನು ಕೂಡಿಸಿದ ಲೆಕ್ಕ: 2.4 ಗಿಗಾಹರ್ಟ್ಸ್‌ನಲ್ಲಿ 300, 5 ಗಿಗಾಹರ್ಟ್ಸ್‌ನಲ್ಲಿ 867 ಎಂಬಿಪಿಎಸ್. ಒಟ್ಟು 1167 ಆಗುತ್ತದೆ, ಅದನ್ನು 1200 ಎಂದು ಬರೆಯುತ್ತಾರೆ. ಆದರೆ ನಿಮ್ಮ ಫೋನು ಸಾಮಾನ್ಯವಾಗಿ ಹಿಡಿಯುವುದು ಒಂದು ಹೊತ್ತಿಗೆ ಒಂದೇ ಬ್ಯಾಂಡ್.

ನಿಜವಾಗಿ ನೋಡಬೇಕಾದದ್ದು ಡಬ್ಬದ ಹಿಂಬದಿಯನ್ನು. ಇದೇ ದರ್ಜೆಯ ಅಗ್ಗದ ಎಷ್ಟೋ ಮಾದರಿಗಳಲ್ಲಿ ಕೇಬಲ್ ಸಿಕ್ಕಿಸುವ ಪೋರ್ಟ್ ‘10/100’ ಆಗಿರುತ್ತದೆ. ನೀವು 200 ಎಂಬಿಪಿಎಸ್ ಪ್ಲಾನಿಗೆ ದುಡ್ಡು ಕಟ್ಟುತ್ತಿದ್ದರೂ ಆ ಪೋರ್ಟ್ ದಾಟಿ ಬರುವುದು 95ರ ಆಸುಪಾಸು. ಬೈಗುಳ ತಿನ್ನುವವರು ಮಾತ್ರ ನೆಟ್ ಕಂಪನಿಯವರು. ‘10/100/1000’ ಅಥವಾ ‘ಗಿಗಾಬಿಟ್’ ಎಂದು ಬರೆದಿದ್ದರೆ ಮಾತ್ರ ಕೊಳ್ಳಿ. ರೌಟರ್ ಬದಲಿಸುವ ಮೊದಲು ಲ್ಯಾಪ್‌ಟಾಪನ್ನು ಕೇಬಲಿನಿಂದ ಜೋಡಿಸಿ ವೇಗ ಅಳೆಯಿರಿ. ಲ್ಯಾಪ್‌ಟಾಪಿನ ಪೋರ್ಟೂ ಗಿಗಾಬಿಟ್ ಆಗಿದ್ದು, ಅಲ್ಲೂ ವೇಗ ಕಡಿಮೆ ಬಂದರೆ ತೊಂದರೆ ವೈಫೈಯದ್ದಲ್ಲ.

“ನಾಲ್ಕು ಆಂಟೆನಾ ಇದೆ ಸಾರ್, ಮಹಡಿಗೂ ಸಾಕು” ಎನ್ನುವ ಅಂಗಡಿಯವರ ಮಾತೂ ಪೂರ್ತಿ ನಿಜವಲ್ಲ. ರೌಟರ್ ಎಷ್ಟು ಶಕ್ತಿಯಲ್ಲಿ ಪ್ರಸಾರ ಮಾಡಬಹುದು ಎಂಬುದಕ್ಕೆ ಸರ್ಕಾರದ ಮಿತಿಯಿದೆ. ಆಂಟೆನಾ ಹೆಚ್ಚಿದ ಮಾತ್ರಕ್ಕೆ ಸಿಗ್ನಲ್ ಆರ್‌ಸಿಸಿ ತಾರಸಿಯನ್ನೋ ಕರಾವಳಿ ಮನೆಗಳ ದಪ್ಪ ಜಂಬಿಟ್ಟಿಗೆ ಗೋಡೆಯನ್ನೋ ಸಲೀಸಾಗಿ ದಾಟುವುದಿಲ್ಲ. ಕಬ್ಬಿಣದ ಬೀರುವಿನ ಹಿಂದೆ, ಟಿವಿಯ ಬೆನ್ನಿಗೆ ಇಟ್ಟಿದ್ದ ರೌಟರನ್ನು ಮನೆಯ ನಡುಭಾಗದಲ್ಲಿ ಆಳೆತ್ತರಕ್ಕೆ ತಂದರೆ ಎಷ್ಟೋ ಮನೆಗಳ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಮಹಡಿಗೆ ಬೇಕೇ ಬೇಕೆಂದರೆ ಒಂದು ಕೇಬಲ್ ಎಳೆದು ಮೇಲೆ ಇನ್ನೊಂದು ಆಕ್ಸೆಸ್ ಪಾಯಿಂಟ್ ಇಡಿ. ಅಗ್ಗದ ಎಕ್ಸ್‌ಟೆಂಡರ್ ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳಬೇಕಾದ್ದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ವೈಫೈ ಹೆಸರು ಮರೆಮಾಡಿದರೆ ಯಾರೂ ನುಗ್ಗಲಾರರು ಎಂಬುದಂತೂ ಅಪಾಯದ ನಂಬಿಕೆ. ಉಚಿತ ಆಪ್‌ಗಳೇ ಆ ಹೆಸರನ್ನು ಪತ್ತೆ ಹಚ್ಚುತ್ತವೆ. ಕಾಪಾಡುವುದು ಡಬ್ಲ್ಯುಪಿಎ 2 ಅಥವಾ 3 ಮತ್ತು ಉದ್ದನೆಯ ಪಾಸ್‌ವರ್ಡ್. ರೌಟರಿನ ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಬೇಕು. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳನ್ನು ವಶಪಡಿಸಿಕೊಂಡದ್ದು ಕಾರ್ಖಾನೆಯಿಂದ ಬಂದ ಪಾಸ್‌ವರ್ಡುಗಳನ್ನೇ ಬಳಸಿ. ಕಂಪನಿ ಎಷ್ಟು ವರ್ಷ ಫರ್ಮ್‌ವೇರ್ ಅಪ್‌ಡೇಟ್ ಕೊಡುತ್ತದೆ ಎಂದು ಕೊಳ್ಳುವ ಮೊದಲೇ ಅದರ ಜಾಲತಾಣದಲ್ಲಿ ನೋಡಿ.

ಹೋಟೆಲು, ಕ್ಲಿನಿಕ್ಕು, ಅಂಗಡಿ ನಡೆಸುವವರಿಗೆ ನನ್ನದೊಂದು ಕಳಕಳಿಯ ಮಾತು. ಗಲ್ಲಾ ಮೇಲೆ ಪಾಸ್‌ವರ್ಡ್ ಚೀಟಿ ಅಂಟಿಸಿ, ಬಿಲ್ಲಿಂಗ್ ಕಂಪ್ಯೂಟರ್ ಇರುವ ಜಾಲಕ್ಕೇ ಗಿರಾಕಿಗಳನ್ನೂ ಸೇರಿಸಬೇಡಿ. ‘ಗೆಸ್ಟ್ ನೆಟ್‌ವರ್ಕ್’ ಸೌಲಭ್ಯವಿಲ್ಲದ ರೌಟರ್ ವ್ಯಾಪಾರಕ್ಕೆ ತಕ್ಕದ್ದಲ್ಲ.

ಇನ್ವರ್ಟರ್ ಇದ್ದರೆ ನೆಟ್ ನಿಲ್ಲದು ಎಂಬುದೂ ಎಲ್ಲ ಕಡೆ ನಿಜವಲ್ಲ. ಕೆಲವು ಇನ್ವರ್ಟರ್‌ಗಳಲ್ಲಿ ಕರೆಂಟ್ ಬದಲಾಗುವ ಆ ಕ್ಷಣದಲ್ಲೇ ರೌಟರ್ ಆಫ್ ಆಗಿ ಮತ್ತೆ ಮೊದಲಿಂದ ಶುರುವಾಗುತ್ತದೆ. ಪುಟ್ಟ ಡಿಸಿ ಯುಪಿಎಸ್ ಹಾಕಿದರೆ ಈ ಕಾಟ ತಪ್ಪುತ್ತದೆ. ರೌಟರ್ ಅಡಾಪ್ಟರ್ ಮೇಲಿನ ವೋಲ್ಟಿಗೆ ಯುಪಿಎಸ್‌ನ ವೋಲ್ಟ್ ತಾಳೆಯಾಗಲೇಬೇಕು, ಯುಪಿಎಸ್‌ನ ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಲಿ. ಫೈಬರ್ ಮೋಡೆಮ್ ಬೇರೆಯಿದ್ದರೆ ಅದಕ್ಕೂ ಬ್ಯಾಕಪ್ ಬೇಕು. ಬೀದಿಯ ಕಂಬದ ಮೇಲಿನ ಸ್ವಿಚ್ ಪೆಟ್ಟಿಗೆಗೆ ಬ್ಯಾಟರಿ ಇದೆಯೇ ಎಂಬುದನ್ನು ಕನೆಕ್ಷನ್ ಕೊಡಲು ಬಂದ ಹುಡುಗನನ್ನೇ ಕೇಳಿ.