ಎಂಜಿನಿಯರಿಂಗ್ ಸೀಟಿಗೆ ಎರಡು ವರ್ಷದ ಲೆಕ್ಕಾಚಾರ

ಕ್ಯಾಲಿಫೋರ್ನಿಯಾದಲ್ಲಿ ಎಂಜಿನಿಯರ್ ಆಗಬೇಕೆನ್ನುವವರು ಮೊದಲ ದಿನದಿಂದಲೇ ವಿಶ್ವವಿದ್ಯಾಲಯದಲ್ಲಿ ಓದಬೇಕಾಗಿಲ್ಲ. ಮನೆಯ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ, ಮೂರನೆಯ ವರ್ಷಕ್ಕೆ ಬರ್ಕ್ಲಿಯನ್ನೋ ಡೇವಿಸನ್ನೋ ಸೇರಬಹುದು. ರಾಜ್ಯದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನ ಬೋಧನಾ ಶುಲ್ಕ ಯೂನಿಟ್ಟಿಗೆ 46 ಡಾಲರ್ ಮಾತ್ರ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಬಿ.ಇ. ಎರಡನೆಯ ವರ್ಷಕ್ಕೆ ಸೇರುವವರನ್ನು ಕಂಡ ನಮಗೆ ಈ ದಾರಿ ಹೊಸದೆನಿಸದು. ಆದರೆ ನಮ್ಮ ಪಾಲಿಟೆಕ್ನಿಕ್‌ಗಳಲ್ಲಿ ಪ್ರತಿ ಸೆಮಿಸ್ಟರಿನ ವಿಷಯಗಳೂ ಮೊದಲೇ ನಿಗದಿಯಾಗಿರುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಯಾವಾಗ ಏನು ಓದಬೇಕೆಂಬುದನ್ನು ವಿದ್ಯಾರ್ಥಿಯೇ ತೀರ್ಮಾನಿಸಬೇಕು. ಹದಿನೆಂಟರ ವಯಸ್ಸಿನಲ್ಲಿ ಅದು ದೊಡ್ಡ ಹೊಣೆ.

ಇಂಗ್ಲಿಷ್, ಇತಿಹಾಸ, ಸಮಾಜಶಾಸ್ತ್ರದಂಥ ಸಾಮಾನ್ಯ ವಿಷಯಗಳನ್ನು ಮೊದಲು ಮುಗಿಸಿ, ಗಣಿತವನ್ನು ಆಮೇಲೆ ನೋಡಿಕೊಂಡರಾಯಿತು ಎನ್ನುವವರಿದ್ದಾರೆ. ಬೇರೆ ಓದಿಗೆ ಅದು ನಡೆದೀತು, ಎಂಜಿನಿಯರಿಂಗಿಗೆ ನಡೆಯದು. ಕ್ಯಾಲ್ಕ್ಯುಲಸ್‌ನ ಮೊದಲ ಭಾಗವಿಲ್ಲದೆ ಯಂತ್ರಶಾಸ್ತ್ರದ ಭೌತಶಾಸ್ತ್ರ ಸಿಗುವುದಿಲ್ಲ. ಅದು ಮುಗಿಯದೆ ವಿದ್ಯುತ್ ಮತ್ತು ಕಾಂತತ್ವಕ್ಕೆ ಹೋಗುವಂತಿಲ್ಲ. ಅದನ್ನು ಓದದವರಿಗೆ ಸಾಮಾನ್ಯವಾಗಿ ಸರ್ಕಿಟ್ ತರಗತಿ ಇಲ್ಲ. ಇತ್ತ ಕ್ಯಾಲ್ಕ್ಯುಲಸ್‌ನ ಉಳಿದ ಭಾಗಗಳು, ಲೀನಿಯರ್ ಆಲ್ಜೀಬ್ರಾ, ಡಿಫರೆನ್ಷಿಯಲ್ ಸಮೀಕರಣಗಳು ಬೇರೆ. ಒಂದರ ಬೆನ್ನಿಗೊಂದು ಬರುವ ಈ ವಿಷಯಗಳೇ ನಾಲ್ಕು ಸೆಮಿಸ್ಟರ್ ತಿನ್ನುತ್ತವೆ. ಸಣ್ಣ ಕಾಲೇಜುಗಳಲ್ಲಿ ಸರ್ಕಿಟ್, ಸ್ಟ್ಯಾಟಿಕ್ಸ್ ತರಗತಿಗಳು ವರ್ಷಕ್ಕೊಮ್ಮೆ ಮಾತ್ರ ನಡೆಯುವುದುಂಟು. ಒಂದು ಸೆಮಿಸ್ಟರ್ ತಡವಾದರೆ ಇಡೀ ವರ್ಷ ಕೈತಪ್ಪಬಹುದು. ಇನ್ನೊಂದು ಸಂಗತಿಯನ್ನು ಹಲವರು ಗಮನಿಸುವುದೇ ಇಲ್ಲ. ಬರ್ಕ್ಲಿ, ಡೇವಿಸ್ ಸೇರಿರುವ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಕ್ಕೆ ಅರ್ಜಿ ಹಾಕುವ ಕಾಲ ಎರಡನೆಯ ವರ್ಷದ ಶರತ್ಕಾಲ. ಆಗ ತೋರಿಸಲು ಕೈಯಲ್ಲಿರುವುದು ಹೆಚ್ಚೂಕಡಿಮೆ ಮೊದಲ ವರ್ಷದ ಅಂಕಗಳು ಮಾತ್ರ. ಆ ವರ್ಷದಲ್ಲಿ ಗಣಿತ, ಭೌತಶಾಸ್ತ್ರ ಇಲ್ಲದಿದ್ದರೆ ಆಯ್ಕೆ ಮಾಡುವವರು ಯಾವುದನ್ನು ನೋಡಿ ನಂಬಬೇಕು?

ಇಷ್ಟು ಬೇಗ ದಾರಿ ಗಟ್ಟಿ ಮಾಡಿಕೊಂಡರೆ ಮನಸ್ಸು ಬದಲಾಯಿಸಲು ಅವಕಾಶವೆಲ್ಲಿ ಎಂಬ ಆಕ್ಷೇಪದಲ್ಲಿ ತಥ್ಯವಿದೆ. ಆದರೆ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಮೂರಕ್ಕೂ ತಳದ ಗಣಿತ, ಭೌತಶಾಸ್ತ್ರ ಬಹುಪಾಲು ಒಂದೇ. ಶಾಖೆಯ ಆಯ್ಕೆಯನ್ನು ಮುಂದೂಡಬಹುದು, ಕ್ಯಾಲ್ಕ್ಯುಲಸನ್ನು ಮುಂದೂಡಲಾಗದು. ಗಣಿತದಲ್ಲಿ ಹಿಂದುಳಿದವರ ಪಾಡೇನು ಎಂಬ ಪ್ರಶ್ನೆ ಇನ್ನೂ ನ್ಯಾಯವಾದದ್ದು. ಅವರು ಎರಡರ ಬದಲು ಮೂರು ವರ್ಷ ಎಂದು ಮೊದಲೇ ಒಪ್ಪಿಕೊಂಡು, ಪ್ರತಿ ಸೆಮಿಸ್ಟರಿಗೂ ಒಂದು ಗಣಿತ ಇಟ್ಟುಕೊಂಡು, ಸಾಮಾನ್ಯ ವಿಷಯಗಳನ್ನು ಅದರ ಸುತ್ತ ಹಂಚಿಕೊಳ್ಳುವುದು ಲೇಸು. ಕಮ್ಯುನಿಟಿ ಕಾಲೇಜು ಕೊಡುವ ಅಸೋಸಿಯೇಟ್ ಪದವಿ ಕೈಗೆ ಬಂದರೆ ಸಾಕೆಂಬ ನಂಬಿಕೆಯನ್ನಂತೂ ನಾನು ಒಪ್ಪಲಾರೆ. ಎಂಜಿನಿಯರಿಂಗ್ ವಿಭಾಗಗಳು ಮೊದಲು ಕೇಳುವುದು ತಮ್ಮ ಪೂರ್ವಸಿದ್ಧತೆಯ ವಿಷಯಗಳನ್ನು. ಯಾವ ಕಾಲೇಜಿನ ಯಾವ ತರಗತಿ ಯಾವ ವಿಶ್ವವಿದ್ಯಾಲಯದಲ್ಲಿ ಯಾವುದಕ್ಕೆ ಸಮ ಎಂಬುದು ರಾಜ್ಯದ ಅಧಿಕೃತ ಜಾಲತಾಣ 'ಅಸಿಸ್ಟ್'ನಲ್ಲಿ ಸಿಗುತ್ತದೆ. ಹೋಗಬಯಸುವ ಮೂರ್ನಾಲ್ಕು ಕಡೆಯ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆಯೇ ಮೊದಲ ಸೆಮಿಸ್ಟರಿಗೆ ಹೆಸರು ನೋಂದಾಯಿಸಬೇಕು. ಎಲ್ಲ ಕಾಲೇಜುಗಳೂ ಪಾಠವನ್ನು ಒಂದೇ ರೀತಿ ಹಂಚುವುದಿಲ್ಲ ಎಂಬುದೂ ನೆನಪಿರಲಿ: ಕ್ಯೂಪರ್ಟಿನೋದ ಡಿ ಆಂಝಾ ಕಾಲೇಜಿನಲ್ಲಿ ಕ್ವಾರ್ಟರ್ ಪದ್ಧತಿ, ನೆರೆಯ ವೆಸ್ಟ್ ವ್ಯಾಲಿಯಲ್ಲಿ ಸೆಮಿಸ್ಟರ್ ಪದ್ಧತಿ. ಕ್ಯಾಲ್ಕ್ಯುಲಸನ್ನು ಅರ್ಧ ಇಲ್ಲಿ, ಅರ್ಧ ಅಲ್ಲಿ ಓದಿದರೆ ನಡುವೆ ಪಾಠ ಬಿಟ್ಟುಹೋಗಬಹುದು. ಹಾಗಾಗಿ ಶುರು ಮಾಡಿದ ಕಾಲೇಜಿನಲ್ಲೇ ಆ ಸರಣಿಯನ್ನು ಮುಗಿಸಬೇಕು.