ಬೆಂಡೆಯ ಲೋಳೆ ತೆಳುವಾಯಿತೇ? ನೀರನ್ನು ನೋಡಿರಿ

ಗಾಣ ಹೂಡಿ ಬೆಲ್ಲ ಮಾಡುವ ರೈತ ಬಾಂಧವರಿಗೆ ಬೆಂಡೆಯ ಲೋಳೆ ಹೊಸದಲ್ಲ. ಹಸಿ ಕಾಂಡವನ್ನು ಜಜ್ಜಿ, ನೀರಿನಲ್ಲಿ ಕಿವುಚಿ ತೆಗೆದ ಲೋಳೆಯನ್ನು ಕೊಪ್ಪರಿಗೆಯಲ್ಲಿ ಕಾಯುವ ಕಬ್ಬಿನ ಹಾಲಿಗೆ ಹಾಕಿದರೆ, ಹೊಲಸು ಒಟ್ಟುಗೂಡಿ ನೊರೆಯೊಂದಿಗೆ ಮೇಲೇಳುತ್ತದೆ. ಅದನ್ನು ತೆಗೆದರೆ ಬೆಲ್ಲಕ್ಕೆ ಒಳ್ಳೆಯ ಬಣ್ಣ ಬರುತ್ತದೆ. ಆದರೆ ಒಂದೇ ಹೊಲದ ಬೆಂಡೆ ಒಂದು ನೀರಿನಲ್ಲಿ ಗಟ್ಟಿ ಲೋಳೆ ಕೊಟ್ಟರೆ, ಇನ್ನೊಂದರಲ್ಲಿ ತೆಳು ಲೋಳೆ ಕೊಡುತ್ತದೆ. ಏಕೆ?

ಲೋಳೆ ಎಂದರೆ ಕಣ್ಣಿಗೆ ಕಾಣದ ಉದ್ದನೆಯ, ಬಳುಕುವ ಎಳೆಗಳು. ಎಳೆಯ ಉದ್ದಕ್ಕೂ ಅಲ್ಲಲ್ಲಿ ಋಣ ವಿದ್ಯುದಂಶವಿರುತ್ತದೆ. ಒಂದೇ ಬಗೆಯ ವಿದ್ಯುದಂಶಗಳು ಒಂದನ್ನೊಂದು ದೂಡುವುದರಿಂದ ಸಿಹಿನೀರಿನಲ್ಲಿ ಎಳೆ ಚಾಚಿಕೊಂಡು ನೀರಿನ ಹರಿವಿಗೆ ಅಡ್ಡಬರುತ್ತದೆ. ನೀರಿನಲ್ಲಿ ಉಪ್ಪಿದ್ದರೆ ಅದರ ಧನ ಕಣಗಳು ಎಳೆಯ ಸುತ್ತ ನೆರೆದು ಆ ದೂಡುವಿಕೆಯನ್ನು ತಗ್ಗಿಸುತ್ತವೆ, ಎಳೆ ಮುದುಡುತ್ತದೆ. ಬಿಚ್ಚಿ ಹರಡಿದ ಹಗ್ಗ ಅಂಗಳವನ್ನೇ ತುಂಬುತ್ತದೆ, ಸುತ್ತಿಟ್ಟರೆ ಮೂಲೆಯಲ್ಲಿ ಹಿಡಿಯುತ್ತದೆ. ಇದೂ ಹಾಗೆಯೇ. ಇಂಥ ಎಳೆಗಳ ಈ ಗುಣವನ್ನು ಅಮೆರಿಕದ ವಿಜ್ಞಾನಿ ರೇಮಂಡ್ ಫೂಸ್ 1940ರ ದಶಕದಲ್ಲಿ ಲೆಕ್ಕಕ್ಕೆ ತಂದರು.

ಮನೆಯಲ್ಲೇ ಪರೀಕ್ಷಿಸಿರಿ. ಒಂದೇ ಲೋಳೆಯನ್ನು ಎರಡು ಲೋಟಗಳಿಗೆ ಸಮನಾಗಿ ಹಾಕಿ, ಒಂದರಲ್ಲಿ ಚಿಟಿಕೆ ಉಪ್ಪು ಕರಗಿಸಿರಿ. ಉಪ್ಪು ಬಿದ್ದ ಲೋಳೆ ಬೇಗ ಸುರಿಯುತ್ತದೆ. ನವಲಗುಂದದ ಕಡೆಯ ಸವಳು ನೀರಿನಲ್ಲಿ ಕಿವುಚಿದಾಗ ಆಗುವುದೂ ಇದೇ.

ಇಲ್ಲಿ ಎಚ್ಚರಿಕೆಯ ಮಾತೊಂದಿದೆ. ಲೋಳೆ ತೆಳುವಾಯಿತೆಂದರೆ ಬೆಂಡೆಯ ಅಂಶ ಕಡಿಮೆಯಾಯಿತೆಂದಲ್ಲ. ಎಳೆಗಳು ಅಷ್ಟೇ ಇವೆ, ಮುದುಡಿವೆ. ಇದನ್ನರಿಯದೆ ಕೆಲವರು ಬಣ್ಣ ಕೆಟ್ಟೀತೆಂದು ಹೆದರಿ ಹೈಡ್ರೋಸ್ ಪುಡಿ ಸುರಿಯುತ್ತಾರೆ. ಬೆಲ್ಲ ಆಗ ಬೆಳ್ಳಗೆ ಕಂಡರೂ ಅದರಲ್ಲಿ ಗಂಧಕದ ಅಂಶ ಉಳಿಯುತ್ತದೆ. ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ ಕಿಲೋಗೆ 70 ಮಿಲಿಗ್ರಾಂ ಮೀರಬಾರದೆಂದು ಆಹಾರ ಸುರಕ್ಷತಾ ನಿಯಮವಿದೆ. ತಿನ್ನುವವರ ಆರೋಗ್ಯವೂ ನಿಮ್ಮ ಬೆಲ್ಲದ ಹೆಸರೂ ಇದರಿಂದ ಕೆಡುತ್ತವೆ.

ಆದ್ದರಿಂದ ಹೀಗೆ ಮಾಡಿರಿ:

1. ಲೋಳೆಗೆ ಮಳೆನೀರು, ಕೆರೆಯ ನೀರು ಅಥವಾ ಸಿಹಿ ಬಾವಿಯ ನೀರು ಬಳಸಿರಿ.

2. ಕೈಗೆ ಹತ್ತುವ ಜಿಗುಟನ್ನು ನಂಬದೆ, ಪ್ರತಿ ಕೊಪ್ಪರಿಗೆಗೂ ಕಾಂಡವನ್ನು ತೂಗಿ ಬಳಸಿರಿ.

3. ಸುಣ್ಣದ ತಿಳಿನೀರನ್ನು ಲೋಳೆಯ ಪಾತ್ರೆಗೆ ಬೆರೆಸಬೇಡಿರಿ. ಸುಣ್ಣ ಉಪ್ಪಿಗಿಂತ ಬಲವಾಗಿ ಎಳೆಗಳನ್ನು ಹಿಡಿಯುತ್ತದೆ. ಬೇಕಾದರೆ ಕಬ್ಬಿನ ಹಾಲಿಗೆ ಪ್ರತ್ಯೇಕವಾಗಿ ಹಾಕಿರಿ.

4. ಲೋಳೆಯನ್ನು ಆಯಾ ದಿನವೇ ತೆಗೆಯಿರಿ. ಹಳಸಿದರೆ ಎಳೆಗಳೇ ತುಂಡಾಗುತ್ತವೆ. ಆಮೇಲೆ ಯಾವ ನೀರೂ ಅದನ್ನು ಸರಿಪಡಿಸಲಾರದು.

ಖರ್ಚಿಲ್ಲದ ಈ ಎಚ್ಚರ ಪಾಲಿಸಿದರೆ ಪುಡಿಯ ಹಂಗಿಲ್ಲದೆ ಬೆಲ್ಲ ಮಾಡಬಹುದು.